ಆಹ್ವಾನಪತ್ರಿಕೆಯ ಕೊನೆಯ ಸಾಲು: ‘ಅಟೈರ್’ ಎಂಬ ಪದದ ಚರಿತ್ರೆ



ಕಳೆದ ವರ್ಷದ ರಾಜ್ಯೋತ್ಸವದ ಆಹ್ವಾನಪತ್ರಿಕೆಯನ್ನು ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬ. ದಿನಾಂಕ, ಸಭಾಂಗಣದ ವಿಳಾಸ, ಊಟದ ಸಮಯ, ವಾಹನ ನಿಲುಗಡೆಯ ವಿವರ ಇವೆಲ್ಲದರ ಕೆಳಗೆ, ರೂಢಿಯಂತೆ, ‘ಅಟೈರ್: ಟ್ರೆಡಿಷನಲ್’ ಎಂಬ ಎರಡು ಇಂಗ್ಲಿಷ್ ಪದಗಳನ್ನು ಸೇರಿಸಿದೆವು. ಉಳಿದ ಪ್ರತಿಯೊಂದು ಸಾಲಿನ ಬಗೆಗೂ ಸಮಿತಿಯಲ್ಲಿ ಚರ್ಚೆ ನಡೆದಿತ್ತು. ಈ ಸಾಲಿನ ಬಗೆಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ. ಹಿಂದಿನ ವರ್ಷದ ಪತ್ರಿಕೆಯಲ್ಲಿ ಇತ್ತು, ಈ ವರ್ಷವೂ ಬಂತು, ಅಷ್ಟೆ.

ಕಾರ್ಯಕ್ರಮ ಮುಗಿದು ಮೂರು ವಾರಗಳಾದ ಮೇಲೆ, ನಮ್ಮ ಊರಿನ ಭಾರತೀಯ ದಿನಸಿ ಅಂಗಡಿಯಲ್ಲಿ, ಆಸ್ಪತ್ರೆಯೊಂದಕ್ಕೆ ದಾದಿಯಾಗಿ ಹೊಸದಾಗಿ ಬಂದಿದ್ದ ಚಿತ್ರದುರ್ಗದ ಕಡೆಯ ಹೆಣ್ಣುಮಗಳೊಬ್ಬಳು ಸಿಕ್ಕಳು. “ಯಾಕಮ್ಮ, ರಾಜ್ಯೋತ್ಸವಕ್ಕೆ ಬರಲಿಲ್ಲವಲ್ಲ?” ಎಂದು ಕೇಳಿದೆ. ಅವಳು ಸ್ವಲ್ಪ ಸಂಕೋಚದಿಂದಲೇ ಹೇಳಿದಳು: “ಬರಬೇಕು ಅಂತಲೇ ಅವತ್ತು ರಜೆ ಹಾಕಿದ್ದೆ ಅಂಕಲ್. ಆದರೆ ಕಾರ್ಡಿನಲ್ಲಿ ಅಟೈರ್ ಅಂತ ಬರೆದಿದ್ದರಲ್ಲ. ಬರುವಾಗ ಒಂದೇ ಸೂಟ್‌ಕೇಸು, ಅದರಲ್ಲಿ ಸೀರೆಗೆ ಜಾಗ ಇರಲಿಲ್ಲ. ಎಲ್ಲರೂ ರೇಷ್ಮೆ ಸೀರೆಯಲ್ಲಿ ಇರುವಾಗ ನಾನೊಬ್ಬಳೇ ಸ್ವೆಟರಿನಲ್ಲಿ ಬಂದರೆ ಚೆನ್ನಾಗಿರಲ್ಲ ಅಂತ ರೂಮಿನಲ್ಲೇ ಉಳಿದೆ.”

ನಾವು ಕರೆಯಲೆಂದು ಅಚ್ಚು ಹಾಕಿಸಿದ ಪತ್ರಿಕೆ ಒಬ್ಬಳನ್ನು ಹೊರಗೆ ನಿಲ್ಲಿಸಿತ್ತು. ಅಂದಿನಿಂದ ಈ ‘ಅಟೈರ್’ ಎಂಬ ಪದ ನನ್ನ ಬೆನ್ನು ಬಿಟ್ಟಿಲ್ಲ. ಅದರ ಹುಟ್ಟು ಎಲ್ಲಿ, ಅದು ನಡೆದು ಬಂದ ದಾರಿ ಯಾವುದು, ಇಂದು ಅದನ್ನು ಎಲ್ಲಿ ಹೇಗೆ ಬಳಸಬೇಕು, ಕನ್ನಡದಲ್ಲಿ ಅದಕ್ಕೆ ಸಮನಾದದ್ದು ಏನು ಎಂದು ಹುಡುಕಿದಾಗ ದೊರೆತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸಾಲು ಮತ್ತು ಕ್ರಮ

‘ಅಟೈರ್’ ಇಂಗ್ಲಿಷ್ ನೆಲದಲ್ಲಿ ಹುಟ್ಟಿದ ಪದವಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯ, ದೊಡ್ಡವರ ಮನೆಗಳ ಭಾಷೆ ಫ್ರೆಂಚ್ ಆಯಿತು. ಆ ಫ್ರೆಂಚಿನಿಂದ ಬಂದ ಪದಗಳಲ್ಲಿ ಇದೂ ಒಂದು. ಹಳೆಯ ಫ್ರೆಂಚಿನಲ್ಲಿ ‘ಅತಿರೇ’ ಎಂಬ ಕ್ರಿಯಾಪದಕ್ಕೆ ‘ಸಾಲಾಗಿ ಜೋಡಿಸು, ಕ್ರಮಪಡಿಸು, ಸಜ್ಜುಗೊಳಿಸು’ ಎಂಬ ಅರ್ಥವಿತ್ತು. ಅದರೊಳಗಿರುವ ‘ತೀರ್’ ಎಂದರೆ ಸಾಲು, ಶ್ರೇಣಿ. ಇಂಗ್ಲಿಷಿನಲ್ಲಿ ಅಂತಸ್ತು ಎಂಬ ಅರ್ಥ ಕೊಡುವ ‘ಟಿಯರ್’ ಎಂಬ ಪದವೂ ಈ ಮೂಲದ್ದೇ. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಈ ಕ್ರಿಯಾಪದ ಇಂಗ್ಲಿಷಿಗೆ ಬಂದಿತು. ಮೊದಲು ಅದು ಯುದ್ಧಕ್ಕೆ ಹೊರಟ ಸೈನಿಕನ ಸಜ್ಜಿಗೂ ಅವನ ಕುದುರೆಯ ಸಜ್ಜಿಗೂ ಸಲ್ಲುತ್ತಿತ್ತು. ಕ್ರಮೇಣ ಉಡುಪು ಎಂಬ ಅರ್ಥ ಅದರಲ್ಲಿ ನೆಲೆನಿಂತಿತು.

ಹೀಗೆ, ಈ ಪದದ ಬೇರಿನಲ್ಲಿ ಬಟ್ಟೆಯೇ ಇಲ್ಲ, ಇರುವುದು ಕ್ರಮ. ಉಡುಪಿಗೆ ಸಂಬಂಧಿಸಿದ ಇತರ ಇಂಗ್ಲಿಷ್ ಪದಗಳನ್ನು ನೋಡಿದರೂ ಇದೇ ಸ್ವಭಾವ ಕಾಣುತ್ತದೆ. ‘ಡ್ರೆಸ್’ ಎಂಬುದರ ಮೂಲಾರ್ಥ ‘ನೆಟ್ಟಗೆ ಮಾಡು, ಸರಿಪಡಿಸು’. ಆದ್ದರಿಂದಲೇ ಗಾಯಕ್ಕೆ ಔಷಧ ಹಚ್ಚಿ ಪಟ್ಟಿ ಕಟ್ಟುವುದೂ ‘ಡ್ರೆಸ್ಸಿಂಗ್’. ‘ಅಪ್ಯಾರಲ್’ ಎಂಬುದರ ಹಿಂದೆ ಸಿದ್ಧತೆ ಇದೆ. ‘ಗಾರ್ಮೆಂಟ್’ ಎಂಬುದರ ಹಿಂದೆ ಸಜ್ಜುಗೊಳಿಸುವಿಕೆ ಇದೆ. ‘ಕಾಸ್ಟ್ಯೂಮ್’ ಮತ್ತು ಪದ್ಧತಿ ಎಂಬ ಅರ್ಥದ ‘ಕಸ್ಟಮ್’ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ಇವೆಲ್ಲ ಫ್ರೆಂಚ್ ಅಥವಾ ಇಟಾಲಿಯನ್ ಬಾಗಿಲಿನಿಂದ ಒಳಬಂದವು. ಮನೆಮಂದಿ ದಿನನಿತ್ಯ ಆಡುವ ‘ಕ್ಲೋದ್ಸ್’ ಮಾತ್ರ ಹಳೆಯ ಇಂಗ್ಲಿಷಿನ ಸ್ವಂತ ಸ್ವತ್ತು.

ಕನ್ನಡದಲ್ಲಿಯೂ ಇಂಥದೇ ಪದರಗಳಿವೆ. ಉಡುಪು, ಉಡುಗೆ, ತೊಡುಗೆ ನಮ್ಮವು; ವಸ್ತ್ರ, ವೇಷ, ವಸನ ಸಂಸ್ಕೃತದಿಂದ ಬಂದವು; ಪೋಷಾಕು ಪಾರಸಿಯದು; ದಿರಿಸು ಎಂಬುದು ‘ಡ್ರೆಸ್’ ನಮ್ಮ ನಾಲಗೆಯಲ್ಲಿ ಹೊರಳಿ ಮೈಗೂಡಿಸಿಕೊಂಡ ರೂಪ. ಯಾರು ಯಾವಾಗ ನಮ್ಮನ್ನು ಆಳಿದರೆಂಬುದರ ಗುರುತು ನಮ್ಮ ಬಟ್ಟೆಯ ಪದಗಳಲ್ಲೇ ಉಳಿದಿದೆ.

ಯಾರು ಏನು ಉಡಬೇಕು ಎಂಬ ಕಾನೂನು

ಉಡುಪು ಕ್ರಮದ ಸಂಗತಿಯಾದಾಗ, ಆ ಕ್ರಮವನ್ನು ಮೀರದಂತೆ ನೋಡಿಕೊಳ್ಳಲು ಕಾನೂನೂ ಬರುತ್ತದೆ. 1363ರಲ್ಲಿ, ಮೂರನೆಯ ಎಡ್ವರ್ಡನ ಆಳ್ವಿಕೆಯಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಜನರ ಊಟ ಮತ್ತು ಉಡುಪುಗಳ ಬಗೆಗೆ ಒಂದು ಶಾಸನವನ್ನು ಮಾಡಿತು. ಮಹಾಮಾರಿ ಪ್ಲೇಗು ಬಂದುಹೋಗಿ ಹೆಚ್ಚು ವರ್ಷಗಳಾಗಿರಲಿಲ್ಲ. ಕೆಲಸಗಾರರ ಸಂಖ್ಯೆ ಕುಸಿದಿತ್ತು, ಕೂಲಿ ಏರಿತ್ತು, ದುಡಿಯುವವರ ಕೈಯಲ್ಲಿ ಹಿಂದೆಂದೂ ಕಾಣದಷ್ಟು ಕಾಸು ಓಡಾಡುತ್ತಿತ್ತು. ಅವರು ಒಳ್ಳೆಯ ಬಟ್ಟೆ ಉಟ್ಟು ಬೀದಿಗೆ ಬಂದದ್ದು ಮೇಲಿನವರ ಕಣ್ಣಿಗೆ ಕುಕ್ಕಿತು. ಗಾಡಿ ಹೊಡೆಯುವವರು, ನೇಗಿಲು ಹಿಡಿಯುವವರು, ದನ ಕಾಯುವವರು ಒರಟು ಉಣ್ಣೆಯ ಅಗ್ಗದ ಬಟ್ಟೆಯನ್ನಷ್ಟೇ ಉಡತಕ್ಕದ್ದು ಎಂದು ಶಾಸನ ವಿಧಿಸಿತು. ಅದು ಹೆಚ್ಚು ಕಾಲ ಬಾಳಲಿಲ್ಲವಾದರೂ, ಅಂಥ ಕಾನೂನುಗಳು ಮುಂದಿನ ಎರಡು ಶತಮಾನಗಳಲ್ಲಿ ಮತ್ತೆ ಮತ್ತೆ ಬಂದವು.

ಮೊದಲನೆಯ ಎಲಿಜಬೆತ್ ರಾಣಿ 1574ರಲ್ಲಿ ಹೊರಡಿಸಿದ ಘೋಷಣೆ ಇವುಗಳಲ್ಲಿ ಹೆಸರಾದದ್ದು. ನೇರಳೆ ಬಣ್ಣದ ರೇಷ್ಮೆ ರಾಜಮನೆತನಕ್ಕೂ ಬೆರಳೆಣಿಕೆಯ ದೊಡ್ಡ ಮನೆತನಗಳಿಗೂ ಮೀಸಲು. ಮಖಮಲ್ಲು ಇಂಥವರಿಗೆ, ತುಪ್ಪುಳು ಇಂಥವರಿಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಅದರಲ್ಲಿ ಪಟ್ಟಿ ಮಾಡಲಾಗಿತ್ತು. ಅದಕ್ಕೂ ಮೂರು ವರ್ಷ ಮೊದಲು, 1571ರಲ್ಲಿ, ಇನ್ನೊಂದು ವಿಚಿತ್ರ ಕಾನೂನು ಬಂದಿತ್ತು. ಆರು ವರ್ಷ ಮೀರಿದವರೆಲ್ಲರೂ, ಹೆಂಗಸರಲ್ಲಿ ಕೆಲವರನ್ನೂ ಶ್ರೀಮಂತರನ್ನೂ ಬಿಟ್ಟು, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಇಂಗ್ಲೆಂಡಿನಲ್ಲೇ ತಯಾರಾದ ಉಣ್ಣೆಯ ಟೋಪಿಯನ್ನು ಹಾಕಲೇಬೇಕು. ತಪ್ಪಿದರೆ ದಿನಕ್ಕೆ ಮೂರು ಷಿಲ್ಲಿಂಗ್ ನಾಲ್ಕು ಪೆನ್ಸ್ ದಂಡ. ಟೋಪಿ ಹೆಣೆಯುವವರ ಹೊಟ್ಟೆಪಾಡನ್ನು ಕಾಯುವುದು ಇದರ ಉದ್ದೇಶ. ಇಪ್ಪತ್ತಾರು ವರ್ಷ ನಡೆದು 1597ರಲ್ಲಿ ಅದು ರದ್ದಾಯಿತು. ಉಡುಪಿನ ಅಂತಸ್ತಿನ ಶಾಸನಗಳನ್ನು 1604ರಲ್ಲಿ ತೆಗೆದುಹಾಕಲಾಯಿತು.

ಇದನ್ನೋದಿ ಇಂಗ್ಲಿಷರ ಬಗೆಗೆ ನಗುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ತಿರುವಾಂಕೂರಿನಲ್ಲಿ ಕೆಲವು ಜಾತಿಗಳ ಹೆಂಗಸರು ಮೇಲುಡುಪು ತೊಡುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ, 1859ರ ರಾಜಾಜ್ಞೆಯವರೆಗೆ ಕಾಯಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಇಂಥದಕ್ಕೆ ಬರೆದ ಕಾನೂನೇ ಬೇಕಿರಲಿಲ್ಲ. ದೊಡ್ಡವರ ಮನೆಯ ಮುಂದೆ ಹಾದುಹೋಗುವಾಗ ಮೆಟ್ಟನ್ನು ಕಳಚಿ ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳು ನಮ್ಮ ಸಂಘದಲ್ಲಿಯೂ ಇದ್ದಾರೆ.

ವಲಸಿಗನ ಮನೆಯಲ್ಲಿ ಷೇಕ್ಸ್‌ಪಿಯರ್

‘ಅಟೈರ್’ ಎಂಬುದರ ಮೊದಲಕ್ಷರ ಸವೆದು ‘ಟೈರ್’ ಎಂಬ ಇನ್ನೊಂದು ರೂಪವೂ ಬಳಕೆಗೆ ಬಂದಿತು. ಸಿರಿವಂತ ಹೆಂಗಸರ ತಲೆಯ ಅಲಂಕಾರಕ್ಕೆ ಈ ಹೆಸರು ವಿಶೇಷವಾಗಿ ನಿಂತಿತು: ತಂತಿಯ ಚೌಕಟ್ಟು, ಚಿನ್ನ ಬೆಳ್ಳಿಯ ಎಳೆ, ಮುತ್ತು, ಕೂದಲು ಇವೆಲ್ಲ ಸೇರಿ ಆಗುವ ಶಿರೋಭೂಷಣ. ಅದನ್ನು ಮಾಡುವವರು ‘ಟೈರ್ ಮೇಕರ್’ಗಳು. ಲಂಡನ್ನಿನ ಸಿಲ್ವರ್ ಸ್ಟ್ರೀಟಿನಲ್ಲಿ ಕ್ರಿಸ್ಟೊಫರ್ ಮೌಂಟ್‌ಜಾಯ್ ಎಂಬ ಕಸುಬುದಾರನಿದ್ದ. ಅವನು ಫ್ರಾನ್ಸಿನಿಂದ ಬಂದು ನೆಲೆಸಿದ ಪ್ರಾಟೆಸ್ಟೆಂಟ್ ವಲಸಿಗ. ಅವನ ಹೆಂಡತಿ ಮರಿಯೂ ಆ ಕಸುಬಿನಲ್ಲಿ ನಿಪುಣೆ. ಒಂದನೆಯ ಜೇಮ್ಸನ ರಾಣಿ ಆ್ಯನ್ನಳಿಗಾಗಿ ಕೆಲಸ ಮಾಡಿ ಹಣ ಪಡೆದ ದಾಖಲೆ ಇದೆ. 1604ರ ಸುಮಾರಿಗೆ ಈ ಮನೆಯಲ್ಲಿ ಬಾಡಿಗೆಗೆ ಇದ್ದವನು ವಿಲಿಯಂ ಷೇಕ್ಸ್‌ಪಿಯರ್.

ಇದು ನಮಗೆ ತಿಳಿದಿರುವುದು ಒಂದು ಮನೆಜಗಳದ ದೆಸೆಯಿಂದ. ಮೌಂಟ್‌ಜಾಯ್ ತನ್ನ ಮಗಳನ್ನು ತನ್ನಲ್ಲೇ ಕೆಲಸ ಕಲಿತಿದ್ದ ಸ್ಟೀಫನ್ ಬೆಲಾಟ್ ಎಂಬ ಹುಡುಗನಿಗೆ 1604ರ ನವೆಂಬರಿನಲ್ಲಿ ಮದುವೆ ಮಾಡಿಕೊಟ್ಟ. ಹುಡುಗನನ್ನು ಒಪ್ಪಿಸಲು ಹುಡುಗಿಯ ಮನೆಯವರು ಷೇಕ್ಸ್‌ಪಿಯರನ ನೆರವು ಕೇಳಿದ್ದರು. ಕೊಡುತ್ತೇನೆಂದ ವರದಕ್ಷಿಣೆಯನ್ನು ಮಾವ ಕೊಡಲಿಲ್ಲವೆಂದು ಅಳಿಯ 1612ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ. ಸಾಕ್ಷಿಯಾಗಿ ಬಂದ ಷೇಕ್ಸ್‌ಪಿಯರ್ ಇಬ್ಬರನ್ನೂ ಬಲ್ಲೆನೆಂದ, ಹುಡುಗ ಒಳ್ಳೆಯವನೆಂದ, ಮದುವೆಯ ಮಾತುಕತೆಯಲ್ಲಿ ತಾನು ಕೈಹಾಕಿದ್ದನ್ನೂ ಒಪ್ಪಿದ. ಆದರೆ ಎಷ್ಟು ಹಣ ಎಂಬುದು ನೆನಪಿಲ್ಲವೆಂದ! ಆ ಹೇಳಿಕೆಯ ಕೆಳಗೆ ಅವನು ಹಾಕಿದ ರುಜು, ಇಂದು ಉಳಿದಿರುವ ಅವನ ಕೆಲವೇ ರುಜುಗಳಲ್ಲಿ ಒಂದು. ಮುನ್ನೂರು ವರ್ಷ ಕಟ್ಟುಗಳಲ್ಲಿ ಮುಚ್ಚಿಹೋಗಿದ್ದ ಈ ಕಾಗದಗಳನ್ನು ಅಮೆರಿಕದ ಚಾರ್ಲ್ಸ್ ವ್ಯಾಲೇಸ್ ಮತ್ತು ಅವರ ಪತ್ನಿ ಹುಲ್ಡಾ 1909ರಲ್ಲಿ ಲಂಡನ್ನಿನ ದಾಖಲೆ ಕಚೇರಿಯಲ್ಲಿ ಹುಡುಕಿ ತೆಗೆದರು.

ನ್ಯಾಯಾಲಯವು ಈ ವ್ಯಾಜ್ಯವನ್ನು ಲಂಡನ್ನಿನ ಫ್ರೆಂಚ್ ಇಗರ್ಜಿಯ ಹಿರಿಯರಿಗೆ ಒಪ್ಪಿಸಿತು. ಅವರು ಅಳಿಯನಿಗೆ ಒಂದಿಷ್ಟು ಹಣ ಸಲ್ಲಬೇಕೆಂದು ತೀರ್ಮಾನಿಸಿದರು. ಪರದೇಶದಲ್ಲಿ ನೆಲೆಸಿದ ಸಮುದಾಯದ ಹಿರಿಯರು ತಮ್ಮವರ ಮದುವೆ ಜಗಳವನ್ನು ಕೂತು ಬಗೆಹರಿಸುವ ಈ ದೃಶ್ಯ ನಮಗೆ ಅಪರಿಚಿತವೇನಲ್ಲ.

ಕಳೆದ ಬೇಸಗೆಯಲ್ಲಿ ಮಗಳನ್ನು ಕರೆದುಕೊಂಡು ಆ ಜಾಗಕ್ಕೆ ಹೋಗಿದ್ದೆ. ಮನೆಯಾಗಲಿ ಬೀದಿಯಾಗಲಿ ಇಂದು ಇಲ್ಲ. ಎರಡನೆಯ ಮಹಾಯುದ್ಧದ ಬಾಂಬುಗಳು ಆ ಪ್ರದೇಶವನ್ನು ನೆಲಸಮ ಮಾಡಿದವು. ಆ ಮದುವೆ ನಡೆದ ಸೇಂಟ್ ಓಲೇವ್ ಇಗರ್ಜಿಯು ಅದಕ್ಕೂ ಬಹಳ ಹಿಂದೆ, 1666ರ ಮಹಾ ಅಗ್ನಿಯಲ್ಲಿ ಸುಟ್ಟುಹೋಯಿತು. ಅದಿದ್ದ ಕಡೆ ಈಗ ಪುಟ್ಟ ತೋಟವೊಂದಿದೆ. ಲಂಡನ್ ವಾಲ್ ರಸ್ತೆಯ ವಾಹನಗಳ ಸದ್ದಿನ ನಡುವೆ ಅಲ್ಲಿನ ಬೆಂಚಿನ ಮೇಲೆ ಕುಳಿತು, ತಂದಿದ್ದ ಚಪಾತಿ ಪಲ್ಯ ತಿಂದೆವು.

ನೇಪಥ್ಯ, ಚೌಕಿ ಮತ್ತು ಗಾಡಿಯ ಚಕ್ರ

ಷೇಕ್ಸ್‌ಪಿಯರನ ಕಾಲದ ರಂಗಮಂದಿರಗಳಲ್ಲಿ, ವೇದಿಕೆಯ ಹಿಂದೆ ನಟರು ವೇಷ ಬದಲಿಸುತ್ತಿದ್ದ ಭಾಗಕ್ಕೆ ‘ಟೈರಿಂಗ್ ಹೌಸ್’ ಎಂದು ಹೆಸರು. ಅದೂ ‘ಅಟೈರ್’ನ ಮರಿಯೇ. ಅಲ್ಲಿದ್ದ ಬಟ್ಟೆಗಳ ಬಗೆಗೆ ಒಂದು ಸ್ವಾರಸ್ಯವಿದೆ. 1599ರಲ್ಲಿ ಲಂಡನ್ನಿಗೆ ಬಂದ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಬರೆದಿರುವಂತೆ, ಸಿರಿವಂತರು ಸಾಯುವಾಗ ತಮ್ಮ ಒಳ್ಳೆಯ ಉಡುಪುಗಳನ್ನು ಸೇವಕರಿಗೆ ಬಿಟ್ಟುಹೋಗುತ್ತಿದ್ದರು. ಅಂಥ ಬಟ್ಟೆಯನ್ನು ಸೇವಕರು ಉಡುವುದು ಸಲ್ಲದಾದ್ದರಿಂದ ನಟರಿಗೆ ಮಾರಿಬಿಡುತ್ತಿದ್ದರು. ಕಾನೂನು ಯಾವ ಜನಕ್ಕೆ ಮಖಮಲ್ಲನ್ನು ನಿಷೇಧಿಸಿತ್ತೋ ಅದೇ ಜನ ರಂಗದ ಮೇಲೆ ಅದನ್ನು ತೊಟ್ಟು ರಾಜರಾಗಿ ಮೆರೆದರು.

ನಮ್ಮಲ್ಲಿ ಇದಕ್ಕೆ ಸರಿಹೊಂದುವ ಪದ ‘ನೇಪಥ್ಯ’. ಸಂಸ್ಕೃತದಲ್ಲಿ ನೇಪಥ್ಯ ಎಂದರೆ ತೆರೆಯ ಹಿಂದಿನ ಜಾಗವೂ ಹೌದು, ವೇಷಭೂಷಣವೂ ಹೌದು. ಎಲ್ಲಿ ಅಲಂಕಾರ ನಡೆಯುತ್ತದೆಯೋ ಆ ಸ್ಥಳಕ್ಕೂ ಆ ಅಲಂಕಾರಕ್ಕೂ ಒಂದೇ ಹೆಸರು. ಕನ್ನಡದಲ್ಲಿ ಬಟ್ಟೆಯ ಅರ್ಥ ಹಿಂದೆ ಸರಿದು ತೆರೆಮರೆಯ ಅರ್ಥವೊಂದೇ ಮುಖ್ಯವಾಗಿ ಉಳಿಯಿತು. ಕರಾವಳಿಯ ಯಕ್ಷಗಾನದಲ್ಲಿ ಆ ಸ್ಥಳ ‘ಚೌಕಿ’. ಅಲ್ಲಿ ಗಣಪತಿಗೆ ಪೂಜೆ ಸಲ್ಲದೆ ಆಟ ಶುರುವಾಗದು. ಅಲ್ಲಿ ವೇಷವನ್ನು ‘ಹಾಕುವುದು’ ಅಷ್ಟೇ ಅಲ್ಲ, ‘ಕಟ್ಟುವುದು’. ಹಗ್ಗ, ಅಟ್ಟೆ, ಬಟ್ಟೆಗಳಿಂದ ಕಿರೀಟ ಮುಂಡಾಸುಗಳನ್ನು ಅಕ್ಷರಶಃ ಕಟ್ಟಿ ನಿಲ್ಲಿಸುವುದನ್ನು ಕಂಡವರಿಗೆ ‘ಅಟೈರ್’ ಎಂಬುದರ ಮೂಲಾರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳಿಗೆ ಹೇಳಲು ಇನ್ನೊಂದು ಮೋಜಿನ ಸಂಗತಿ. ನಮ್ಮ ಕಾರು ಸೈಕಲ್ಲುಗಳ ‘ಟೈರು’ ಕೂಡ ಇದೇ ಪದದಿಂದ ಬಂದಿರಬೇಕೆಂದು ನಿಘಂಟುಕಾರರು ಭಾವಿಸುತ್ತಾರೆ. ರಬ್ಬರು ಬರುವ ಎಷ್ಟೋ ಮುಂಚೆ ಗಾಡಿಯ ಮರದ ಚಕ್ರಕ್ಕೆ ತೊಡಿಸುತ್ತಿದ್ದ ಕಬ್ಬಿಣದ ಪಟ್ಟಿಯನ್ನು ಚಕ್ರದ ‘ಉಡುಪು’ ಎಂದೇ ಕರೆದರು. ಬಾಲ್ಯದಲ್ಲಿ ಹಳೆಯ ಟೈರನ್ನು ಕೋಲಿನಿಂದ ತಟ್ಟುತ್ತಾ ಊರ ತುಂಬ ಓಡಿಸಿದ ನಾವೆಲ್ಲರೂ ಚಕ್ರದ ಬಟ್ಟೆಯೊಡನೆ ಆಡಿದವರು!

ಇಂದಿನ ಬಳಕೆ

ಇಂದು ‘ಅಟೈರ್’ ಶಿಷ್ಟ ಬರಹದ ಪದ. ಆಹ್ವಾನಪತ್ರಿಕೆ, ಕ್ಲಬ್ಬಿನ ಫಲಕ, ಕಚೇರಿಯ ನಿಯಮಾವಳಿ, ಸುದ್ದಿಯ ವರದಿ ಇಲ್ಲಿ ಅದರ ವಾಸ. ಅಂಗಡಿಗೆ ಹೋಗಿ ಯಾರೂ ‘ಅಟೈರ್’ ಕೊಳ್ಳುವುದಿಲ್ಲ, ಕೊಳ್ಳುವುದು ‘ಕ್ಲೋದ್ಸ್’. ಒಗೆಯಲು ಹಾಕುವುದೂ ‘ಕ್ಲೋದ್ಸ್’. ವ್ಯಾಪಾರದ ಲೆಕ್ಕದಲ್ಲಿ ಅದು ‘ಅಪ್ಯಾರಲ್’, ಹೊಲಿಗೆಯ ಲೆಕ್ಕದಲ್ಲಿ ‘ಗಾರ್ಮೆಂಟ್’. ಒಬ್ಬರ ಒಟ್ಟು ಉಡುಗೆ ತೊಡುಗೆ, ಅದೂ ಒಂದು ಸಂದರ್ಭಕ್ಕೆ ತಕ್ಕಂತೆ ಜೋಡಿಸಿಕೊಂಡದ್ದು, ‘ಅಟೈರ್’. ಇದು ಎಣಿಕೆಗೆ ಸಿಗದ ನಾಮಪದ: ‘ಆ್ಯನ್ ಅಟೈರ್’ ಎಂಬುದಾಗಲಿ ‘ಅಟೈರ್ಸ್’ ಎಂಬ ಬಹುವಚನವಾಗಲಿ, ನಮ್ಮವರ ಬರಹದಲ್ಲಿ ಕಂಡರೂ, ಇಂಗ್ಲೆಂಡಿನ ರೂಢಿಯಲ್ಲಿ ಇಲ್ಲ. ವಂಶಲಾಂಛನಗಳ ಶಾಸ್ತ್ರದಲ್ಲಿ ಮಾತ್ರ ಬಹುವಚನವಿದೆ. ಅಲ್ಲಿ ಅದರ ಅರ್ಥ ಗಂಡು ಸಾರಂಗದ ಕೊಂಬುಗಳು. ಹಬ್ಬಕ್ಕೆ ‘ಕಲರ್‌ಫುಲ್ ಅಟೈರ್ಸ್’ನಲ್ಲಿ ಬನ್ನಿ ಎಂದು ಬರೆಯುವ ಮುನ್ನ ಇದನ್ನು ನೆನೆಯಬಹುದು.

ಆಹ್ವಾನಪತ್ರಿಕೆಯ ಈ ಭಾಷೆ ಒಂದು ಗುಟ್ಟಿನ ಲಿಪಿಯಂತೆ. ಒಳಗಿನವರಿಗೆ ಮಾತ್ರ ತಿಳಿಯುತ್ತದೆ. ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಕಚೇರಿಯ ಔತಣವೊಂದರ ಪತ್ರದಲ್ಲಿ ‘ಬ್ಲ್ಯಾಕ್ ಟೈ’ ಎಂದಿತ್ತು. ಕಪ್ಪು ಟೈ ಒಂದನ್ನು ಕೊಂಡು, ಮದುವೆಗೆ ಹೊಲಿಸಿದ್ದ ಕಂದು ಸೂಟಿನ ಮೇಲೆ ಕಟ್ಟಿಕೊಂಡು ಹೋದೆ. ಬಾಗಿಲಲ್ಲಿ ನಿಂತವರು ತಡೆಯಲಿಲ್ಲ, ನಗಲೂ ಇಲ್ಲ. ಆದರೆ ಕಪ್ಪು ಡಿನ್ನರ್ ಜಾಕೆಟ್ಟು, ಬಿಲ್ಲಿನಾಕಾರದ ಟೈ ಧರಿಸಿದ ನೂರು ಜನರ ನಡುವೆ ಆ ಸಂಜೆಯುದ್ದಕ್ಕೂ ನಾನು ಗೋಡೆಗೆ ಒರಗಿಯೇ ಇದ್ದೆ. ಹಾಗೆಯೇ ‘ಲೌಂಜ್ ಸೂಟ್’ ಎಂದರೆ ಮನೆಯಲ್ಲಿ ಒರಗಿ ಕೂರುವ ಬಟ್ಟೆಯಲ್ಲ, ಸಾಮಾನ್ಯ ಕೋಟು ಪ್ಯಾಂಟು ಟೈ. ‘ನ್ಯಾಷನಲ್ ಡ್ರೆಸ್’ ಎಂದೂ ಪತ್ರದಲ್ಲಿ ಇದ್ದರೆ ಸೀರೆಗೂ ಪಂಚೆ ಶಲ್ಯಕ್ಕೂ ಮೈಸೂರು ಪೇಟಕ್ಕೂ ಪೂರ್ಣ ಸ್ವಾಗತವಿದೆಯೆಂದು ಹೊಸಬರು ತಿಳಿಯಬೇಕು.

ಬಹಳ ವರ್ಷಗಳ ಮೇಲೆ ನನಗೊಂದು ಸಮಾಧಾನ ದೊರೆಯಿತು. ಆ ಕಪ್ಪು ಜಾಕೆಟ್ಟಿನ ಕೆಳಗೆ ಸೊಂಟಕ್ಕೆ ಸುತ್ತುವ ಅಗಲ ಪಟ್ಟಿಯ ಹೆಸರು ‘ಕಮರ್‌ಬಂಡ್’. ಅದು ನಮ್ಮ ಕಡೆಯ ‘ಕಮರಬಂದ್’, ಪಾರಸಿಯಲ್ಲಿ ನಡುಪಟ್ಟಿ. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಅದನ್ನು ಮೆಚ್ಚಿ ಕೊಂಡೊಯ್ದರು. ಪೈಜಾಮ, ಶಾಲು, ಖಾಕಿ ಎಂಬ ಪದಗಳೂ ಹೀಗೆಯೇ ಹಡಗು ಹತ್ತಿದವು. ‘ಕ್ಯಾಲಿಕೊ’ ಎಂಬ ಬಟ್ಟೆಯ ಹೆಸರಲ್ಲಿ ಕಲ್ಲಿಕೋಟೆ ಇದೆ, ‘ಡಂಗರೀಸ್’ನಲ್ಲಿ ಮುಂಬಯಿಯ ಡೋಂಗ್ರಿ ಇದೆ.

ಪದವೊಂದು ಎದುರು ದಿಕ್ಕಿನಲ್ಲಿಯೂ ಪಯಣಿಸಿತು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ‘ಗಾರ್ಮೆಂಟ್ಸ್’ ಎಂದರೆ ಉಡುಪಲ್ಲ, ಕಾರ್ಖಾನೆ. “ಅಕ್ಕ ಗಾರ್ಮೆಂಟ್ಸಿಗೆ ಹೋಗ್ತಾಳೆ” ಎಂದರೆ ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ ಎಂದು ಅರ್ಥ. ಇಲ್ಲಿನ ಅಂಗಡಿಗಳಲ್ಲಿ ನಾವು ಕೊಳ್ಳುವ ಅಂಗಿಯ ಒಳಚೀಟಿಯಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದಿದ್ದರೆ, ಅದರ ಹೊಲಿಗೆ ತುಮಕೂರಿನ ಅಥವಾ ಮಂಡ್ಯದ ಕಡೆಯಿಂದ ಬಂದ ಯಾವಳೋ ಅಕ್ಕನದಾಗಿರಬಹುದು.

ಉಡು, ತೊಡು, ಮುಡಿ

ಇನ್ನು ಕನ್ನಡಕ್ಕೆ ಬರೋಣ. ಇಂಗ್ಲಿಷಿನಲ್ಲಿ ನಾಮಪದಗಳು ಹತ್ತಾರಿದ್ದರೂ ಕ್ರಿಯೆಗೆ ‘ವೇರ್’ ಒಂದೇ ಸಾಕು. ಅಂಗಿ, ಬೂಟು, ಕನ್ನಡಕ, ಹೂವು ಎಲ್ಲವನ್ನೂ ‘ವೇರ್’ ಮಾಡಬಹುದು. ಕನ್ನಡದ ಸಿರಿ ಇರುವುದು ಕ್ರಿಯಾಪದಗಳಲ್ಲಿ. ಸೀರೆ, ಪಂಚೆ ಉಡುತ್ತೇವೆ; ಅಂಗಿ, ಕುಪ್ಪಸ, ಬಳೆ ತೊಡುತ್ತೇವೆ; ಶಾಲು, ಕಂಬಳಿ ಹೊದೆಯುತ್ತೇವೆ; ಪೇಟ, ರುಮಾಲು ಸುತ್ತುತ್ತೇವೆ; ಹೂ ಮುಡಿಯುತ್ತೇವೆ; ಬೊಟ್ಟು ಇಡುತ್ತೇವೆ; ಚಪ್ಪಲಿ ಮೆಟ್ಟುತ್ತೇವೆ. ಬಟ್ಟೆ ಮೈಯನ್ನು ಹೇಗೆ ಸೇರುತ್ತದೆಂಬುದನ್ನು ಪದವೇ ತೋರಿಸುತ್ತದೆ. ಸುತ್ತಿಕೊಳ್ಳುವುದು ‘ಉಡುಗೆ’, ಕೈಕಾಲು ತೂರಿಸುವುದು ‘ತೊಡುಗೆ’. ಎರಡೂ ಸೇರಿ ‘ಉಡುಗೆ ತೊಡುಗೆ’. ‘ಅಟೈರ್’ಗೆ ಇದಕ್ಕಿಂತ ಸರಿಯಾದ ಕನ್ನಡವನ್ನು ನಾನು ಕಾಣೆ.

ನಮ್ಮ ಮನೆಗಳಲ್ಲಿ ಈ ಸಿರಿ ಕರಗುತ್ತಿದೆ. ನನ್ನ ಮಗಳು ಸೀರೆಯನ್ನೂ ‘ಹಾಕಿಕೊಳ್ಳುತ್ತಾಳೆ’, ಹೂವನ್ನೂ ‘ಹಾಕಿಕೊಳ್ಳುತ್ತಾಳೆ’, ಚಪ್ಪಲಿಯನ್ನೂ ‘ಹಾಕಿಕೊಳ್ಳುತ್ತಾಳೆ’. ತಪ್ಪು ಅವಳದಲ್ಲ, ನಾನೇ ಹಾಗೆ ಆಡುತ್ತೇನೆ. ರಾಜ್ಯೋತ್ಸವದ ದಿನ ರೇಷ್ಮೆ ಉಡುವುದರಲ್ಲಿ ನಮಗಿರುವ ಶ್ರದ್ಧೆಯಲ್ಲಿ ಹತ್ತರಲ್ಲೊಂದು ಪಾಲು ಈ ‘ಉಡು’ವಿನಲ್ಲಿದ್ದರೆ ಸಾಕಿತ್ತು.

ಇನ್ನು ‘ಟ್ರೆಡಿಷನಲ್’ ಎಂಬುದು. ಯಾರ ಸಂಪ್ರದಾಯ? ಇಳಕಲ್ಲಿನ ಸೀರೆಯ ಕೆಂಪು ಸೆರಗೇ, ಮೈಸೂರು ರೇಷ್ಮೆಯೇ? ಕೊಡಗಿನವರ ಕುಪ್ಯ, ಚೇಲೆ, ಪೀಚೆಕತ್ತಿಯೇ? ಅಷ್ಟಕ್ಕೂ ಮೈಸೂರು ರೇಷ್ಮೆಯ ಕಾರ್ಖಾನೆ ಆರಂಭವಾದದ್ದು 1912ರಲ್ಲಿ. ಮೈಸೂರು ಪೇಟದ ಜೊತೆಗೆ ಸರ್ ಎಂ. ವಿಶ್ವೇಶ್ವರಯ್ಯನವರು ಕೋಟು ಟೈ ಧರಿಸಿರುವ ಚಿತ್ರವನ್ನು ನಾವೆಲ್ಲರೂ ಕಂಡಿದ್ದೇವೆ. ಆ ಕೋಟು ಟೈ ಯಾವ ಸಂಪ್ರದಾಯಕ್ಕೆ ಸೇರಿದ್ದು? ಹಳಗನ್ನಡದಲ್ಲಿ ‘ಸೀರೆ’ ಎಂಬುದಕ್ಕೆ ಬರಿಯ ಬಟ್ಟೆ ಎಂಬ ಸಾಮಾನ್ಯಾರ್ಥವೂ ಇತ್ತು. ಸಂಪ್ರದಾಯವೆಂಬುದು ನಿಂತ ನೀರಲ್ಲ.

ಬರಿಗಾಲಿನ ಅತಿಥಿಗಳು

1931ರ ನವೆಂಬರ್ 5ರಂದು, ದುಂಡುಮೇಜಿನ ಪರಿಷತ್ತಿಗೆ ಬಂದ ಪ್ರತಿನಿಧಿಗಳಿಗೆ ಐದನೆಯ ಜಾರ್ಜ್ ದೊರೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಚಹಾ ಕೂಟ ಏರ್ಪಡಿಸಿದ. ಅರಮನೆಯ ಉಡುಪಿನ ನಿಯಮಗಳು ಬಹಳ ಬಿಗಿಯಾಗಿದ್ದ ಕಾಲ. ಪೂರ್ವ ಲಂಡನ್ನಿನ ಬಡವರ ಬಡಾವಣೆಯ ಕಿಂಗ್ಸ್‌ಲಿ ಹಾಲ್‌ನಲ್ಲಿ ತಂಗಿದ್ದ ಗಾಂಧೀಜಿ ತುಂಡು ಪಂಚೆಯುಟ್ಟು, ಶಾಲು ಹೊದ್ದು, ಚಪ್ಪಲಿ ಮೆಟ್ಟಿಯೇ ಹೋದರು. ಹತ್ತು ವರ್ಷಗಳ ಹಿಂದೆ, 1921ರ ಸೆಪ್ಟೆಂಬರಿನಲ್ಲಿ, ಮಧುರೆಯಲ್ಲಿ ಅವರು ಆ ಉಡುಪನ್ನು ಆರಿಸಿಕೊಂಡದ್ದು ಅದಕ್ಕಿಂತ ಹೆಚ್ಚು ಬಟ್ಟೆ ಕೊಳ್ಳಲಾರದ ಜನರ ಸಾಲಿನಲ್ಲಿ ನಿಲ್ಲಲು. ಅರಮನೆಗಾಗಿ ಆ ಸಾಲನ್ನು ಅವರು ಬಿಡಲಿಲ್ಲ.

ಇನ್ನೊಂದು ದೃಶ್ಯ ನಮ್ಮ ಕಾಲದ್ದು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿ ಪ್ರದಾನ ನಡೆಯಿತು. ಅಂಕೋಲೆಯ ಕಡೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು, ಗಿಡ ನೆಟ್ಟು ಕಾಡು ಬೆಳೆಸಿದ ಹಿರಿಯಜ್ಜಿ, ತಮ್ಮ ಜನರ ರೀತಿಯಲ್ಲಿ ಸೀರೆಯುಟ್ಟು, ಕೊರಳ ತುಂಬ ಮಣಿಸರ ಧರಿಸಿ, ಬರಿಗಾಲಿನಲ್ಲಿ ಆ ಕೆಂಪು ಹಾಸಿನ ಮೇಲೆ ನಡೆದು ಬಂದರು. ಕಿತ್ತಳೆ ಹಣ್ಣು ಮಾರಿದ ಹಣದಿಂದ ಊರಿಗೊಂದು ಶಾಲೆ ತಂದ ಹರೇಕಳ ಹಾಜಬ್ಬರೂ ಅದೇ ದಿನ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬರಿಗಾಲಿನಲ್ಲಿಯೇ ಪ್ರಶಸ್ತಿ ಪಡೆದರು. ಇಬ್ಬರೂ ಉಟ್ಟದ್ದು ದಿನನಿತ್ಯದ ಬಟ್ಟೆ. ಆ ಸಭೆಗಾಗಿ ಬೇರೆಯೇ ಒಂದನ್ನು ಹುಡುಕಲಿಲ್ಲ.

ಉಡುಗೊರೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿದೆ. ಸಭೆಗೆ ಹೋಗುವಾಗ ಒಪ್ಪವಾಗಿ ಹೋಗಬೇಕೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುವ ಅಮ್ಮನ ಸೀರೆಯ ಕರ್ಪೂರದ ವಾಸನೆಗೆ ಬೆಲೆ ಕಟ್ಟಲಾಗದು. ಆದರೆ ಸಾಲು, ಶ್ರೇಣಿ ಎಂಬ ಬೇರಿನಿಂದ ಹುಟ್ಟಿದ ಆ ಇಂಗ್ಲಿಷ್ ಪದ ನಮ್ಮ ಪತ್ರಿಕೆಯಲ್ಲಿಯೂ ತನ್ನ ಹಳೆಯ ಕೆಲಸವನ್ನೇ ಮಾಡಿಬಿಟ್ಟಿತು. ಉಳ್ಳವರನ್ನೂ ಇಲ್ಲದವರನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿತು.

ಕನ್ನಡದ ‘ಉಡು’ ಎಂಬ ಬೇರಿನಿಂದ ಇನ್ನೊಂದು ಪದವೂ ಚಿಗುರಿದೆ: ‘ಉಡುಗೊರೆ’. ಇಂದು ಯಾವ ಕಾಣಿಕೆಗಾದರೂ ಸಲ್ಲುವ ಈ ಪದ ಮೂಲದಲ್ಲಿ ಮದುವೆ ಮುಂಜಿಗಳಲ್ಲಿ ಪ್ರೀತಿಯಿಂದ ಕೊಡುತ್ತಿದ್ದ ಬಟ್ಟೆಯ ಕಾಣಿಕೆ. ಒಂದು ಭಾಷೆಯಲ್ಲಿ ಬಟ್ಟೆಯ ಪದ ಅಂತಸ್ತಿನಿಂದ ಬಂದರೆ, ಇನ್ನೊಂದರಲ್ಲಿ ಕಾಣಿಕೆಯ ಪದವೇ ಬಟ್ಟೆಯಿಂದ ಬಂದಿದೆ.

ಈ ವರ್ಷದ ಸಮಿತಿಯ ಮುಂದೆ ನಾನು ಎರಡು ಸಲಹೆಗಳನ್ನಿಟ್ಟೆ, ಎರಡೂ ಒಪ್ಪಿಗೆಯಾದವು. ಮೊದಲನೆಯದು, ಆಹ್ವಾನಪತ್ರಿಕೆಯ ಕೊನೆಯ ಸಾಲು ಇನ್ನು ಮುಂದೆ ಕನ್ನಡದ್ದು: ‘ನಿಮಗೊಪ್ಪುವ ಉಡುಗೆಯಲ್ಲಿ ಬನ್ನಿ, ಉಟ್ಟ ಬಟ್ಟೆಯಲ್ಲೇ ಬಂದರೂ ಸಂತೋಷ.’ ಎರಡನೆಯದು, ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಂದು ಸೀರೆಪೆಟ್ಟಿಗೆ ಇರುತ್ತದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟು ಮರೆತ ಸೀರೆ, ಪಂಚೆ, ಶಲ್ಯ, ಮಕ್ಕಳ ಲಂಗ ನಿಮ್ಮಲ್ಲಿದ್ದರೆ ದಯವಿಟ್ಟು ತಂದುಕೊಡಿ. ಬೇಕಾದವರು ಅಲ್ಲಿಯೇ ಉಟ್ಟುಕೊಳ್ಳಬಹುದು, ಇಷ್ಟವಾದರೆ ಮನೆಗೂ ಒಯ್ಯಬಹುದು. ಉಡಿಸಲು ಹಿರಿಯ ಮಹಿಳೆಯರು ಇರುತ್ತಾರೆ. ಉಡಿಸುವಾಗ ಹೊಸ ತಲೆಮಾರಿಗೆ ‘ಉಡು’ ಯಾವುದು, ‘ತೊಡು’ ಯಾವುದು ಎಂಬುದನ್ನೂ ಅವರು ಹೇಳಿಕೊಡಬಹುದು.

ಆ ಚಿತ್ರದುರ್ಗದ ಹುಡುಗಿಗೆ ಈ ಸುದ್ದಿ ತಿಳಿಸಿದೆ. ಸದ್ಯಕ್ಕೆ ಅವಳಿಗೆ ಸೀರೆಯ ಅಗತ್ಯವಿಲ್ಲವಂತೆ. ಊರಿನಿಂದ ಅವಳಮ್ಮ ಯಾರದೋ ಕೈಯಲ್ಲಿ ಒಂದನ್ನು ಕಳಿಸಿದ್ದಾರೆ. “ಆದರೆ ಅಂಕಲ್, ಪೆಟ್ಟಿಗೆ ಹತ್ತಿರ ನಿಂತು ಹೊಸಬರಿಗೆ ಸೆರಗು ಪಿನ್ನು ಹಾಕೋ ಕೆಲಸ ನನಗೆ ಕೊಡಿ” ಎಂದಳು. ಕೊಟ್ಟಿದ್ದೇವೆ.